ಹೆಗ್ಗಣಗಳೆಲ್ಲ ಕೆಟ್ಟವೇ?

ಪ್ರಶ್ನೆ: ಮಗಳು ಐದನೇ ತರಗತಿ. ಬೇಸಿಗೆ ರಜೆಯಲ್ಲಿ ಅವಳ ಸೋದರಮಾವ ಬ್ರಯಾನ್ ಜೇಕ್ಸ್ ಬರೆದ 'ರೆಡ್‌ವಾಲ್' ಎಂಬ ಇಂಗ್ಲಿಷ್ ಕಾದಂಬರಿ ತಂದುಕೊಟ್ಟ. ಅವತ್ತಿನಿಂದ ಊಟಕ್ಕೆ ಕರೆದರೂ ಏಳುವುದಿಲ್ಲ. ಇಲಿಗಳ ಕಥೆ ತಾನೇ ಎಂದು ಸುಮ್ಮನಿದ್ದೆ. ಮೊನ್ನೆ ನಾನೇ ನಾಲ್ಕಾರು ಅಧ್ಯಾಯ ಓದಿ ನೋಡಿದರೆ ಮುತ್ತಿಗೆ, ವಿಷ, ಹಾವು, ಸಾಲುಸಾಲು ಸಾವು. ಇದು ಮಕ್ಕಳ ಪುಸ್ತಕವೇ? ನಿನ್ನೆ ತಟ್ಟೆ ಮುಂದೆ ಕೂತವಳು, "ಅಮ್ಮಾ, ಹೆಗ್ಗಣ ಅಂದ್ರೆ ಎಲ್ಲವೂ ಕೆಟ್ಟವೇನಾ? ಒಂದಾದ್ರೂ ಒಳ್ಳೇದು ಯಾಕಿಲ್ಲ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಓದಲು ಬಿಡಲೇ? ಈ ಸರಣಿಯಲ್ಲಿ ಇನ್ನೂ ಇಪ್ಪತ್ತು ಪುಸ್ತಕ ಇವೆಯಂತೆ. ಎಲ್ಲವನ್ನೂ ಕೊಡಿಸಬೇಕೆ?

ಉತ್ತರ: ಓದಲು ಬಿಡಿ. ಕಸಿದುಕೊಳ್ಳುವ ಯೋಚನೆ ಇದ್ದರೆ ಇಲ್ಲಿಗೇ ಕೈಬಿಡಿ. ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ, ಒಂದು ನಿಮ್ಮದು, ಇನ್ನೊಂದು ಮಗಳದು. ನಿಮ್ಮದಕ್ಕೆ ಸಮಾಧಾನ ಹೇಳುವುದು ಸುಲಭ. ಮಗಳದಕ್ಕೆ ನಾನೂ ತಡವರಿಸಬೇಕು. ಈ ಪುಸ್ತಕದ ಗೋಡೆ ಎಲ್ಲಿ ಬಿರುಕು ಬಿಟ್ಟಿದೆಯೋ ಸರಿಯಾಗಿ ಅಲ್ಲಿಗೇ ಅವಳು ಬೆರಳಿಟ್ಟಿದ್ದಾಳೆ.

ಓದದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಮಾಸ್‌ಫ್ಲವರ್ ಎಂಬ ಕಾಡಿನ ಅಂಚಿನಲ್ಲಿ ಕೆಂಪು ಕಲ್ಲಿನ ಒಂದು ಆಬಿ. ನಾವು ಮಠ ಎಂದರೆ ಸಾಕು. ನಿಲುವಂಗಿ ತೊಟ್ಟ ಇಲಿಗಳು ಅಲ್ಲಿನ ಸಾಧುಗಳು. ರೋಗಿಗಳ ಶುಶ್ರೂಷೆ ಮಾಡುವುದು, ಬಂದವರಿಗೆ ಉಣಬಡಿಸುವುದು, ಮೇಲೆ ಬೀಳದ ಹೊರತು ಯಾರಿಗೂ ಕೇಡು ಮಾಡದಿರುವುದು ಅವರ ವ್ರತ. ಮಠದ ತುಂಬ ಪ್ರಾರ್ಥನೆಗಿಂತ ಅಡುಗೆಯ ಸದ್ದೇ ಹೆಚ್ಚು. ತುಮಕೂರಿನ ಸಿದ್ಧಗಂಗೆಯ ದಾಸೋಹ ಕಂಡ ಮಗುವಿಗೆ ರೆಡ್‌ವಾಲ್ ಎಂದರೇನು ಎಂದು ತಿಳಿಸಲು ಹೆಚ್ಚು ಹೆಣಗಬೇಕಿಲ್ಲ. ಅಲ್ಲಿ ಮಥಾಯಸ್ ಎಂಬ ಅನಾಥ ಮರಿಸನ್ಯಾಸಿ ಇದ್ದಾನೆ. ಕಾಲಿಗೆ ದೊಡ್ಡದಾದ ಚಪ್ಪಲಿ ಮೆಟ್ಟಿ, ಮುಗ್ಗರಿಸಿ, ಬುಟ್ಟಿಯ ಹೇಜಲ್ ಕಾಯಿಗಳನ್ನೆಲ್ಲ ಗುರುಗಳ ಮುಂದೆ ಚೆಲ್ಲಾಡುತ್ತಲೇ ಕಥೆಯೊಳಗೆ ಬರುತ್ತಾನೆ. ಗುರುಗಳ ಸುವರ್ಣ ಮಹೋತ್ಸವದ ಔತಣ ನಡೆದಿರುವಾಗ, ಹುಚ್ಚೆದ್ದ ಕುದುರೆ ಎಳೆಯುವ ಹುಲ್ಲಿನ ಗಾಡಿಯಲ್ಲಿ ನೂರಾರು ಹೆಗ್ಗಣಗಳ ದಂಡು ಆ ದಾರಿಯಲ್ಲಿ ಬರುತ್ತದೆ. ದಂಡಿನ ನಾಯಕ ಕ್ಲೂನಿ. ಒಂದೇ ಕಣ್ಣು, ಬಾಲದ ತುದಿಗೆ ವಿಷದ ಮುಳ್ಳು. (ಫ್ರಾನ್ಸಿನಲ್ಲಿ 910ರಲ್ಲಿ ಸ್ಥಾಪನೆಯಾದ ಹೆಸರಾಂತ ಕ್ರೈಸ್ತ ಮಠವೊಂದರ ಹೆಸರೂ ಕ್ಲೂನಿಯೇ. ಮಠ ಒಡೆಯಲು ಬಂದವನಿಗೆ ಮಠದ್ದೇ ಹೆಸರು!) ಅವನ ಮುತ್ತಿಗೆ ಒಂದು ಕಡೆ, ಮಾರ್ಟಿನ್ ಎಂಬ ಪುರಾತನ ವೀರನ ಕಳೆದುಹೋದ ಖಡ್ಗಕ್ಕಾಗಿ ಮಥಾಯಸ್‌ನ ಹುಡುಕಾಟ ಇನ್ನೊಂದು ಕಡೆ.

ಇದನ್ನು ಬರೆದವರ ಬದುಕು ಗೊತ್ತಾದರೆ ಪುಸ್ತಕದ ಅರ್ಧ ಗುಟ್ಟು ಬಿಟ್ಟುಕೊಡುತ್ತದೆ. ಜೇಕ್ಸ್ ಹುಟ್ಟಿದ್ದು 1939ರಲ್ಲಿ, ಲಿವರ್‌ಪೂಲ್‌ನಲ್ಲಿ. ಬಂದರಿನ ದುಡಿಮೆಗಾರರ ಊರು ಅದು. ಹತ್ತು ವರ್ಷದವನಿದ್ದಾಗ ಮೊಸಳೆಯ ಹಲ್ಲು ಶುಚಿಮಾಡುವ ಹಕ್ಕಿಯ ಮೇಲೆ ಕಥೆ ಬರೆದುಕೊಟ್ಟರೆ, ಇದು ನಿನ್ನದಲ್ಲ, ಎಲ್ಲಿಂದಲೋ ನಕಲು ಹೊಡೆದಿದ್ದೀಯ ಎಂದು ಮೇಷ್ಟರಿಂದ ಬೆತ್ತದ ಏಟು ಬಿತ್ತು. ಮುಂದೆ ಹಡಗಿನ ಕೆಲಸ, ರೈಲ್ವೆ ಕೆಲಸ, ಲಾರಿ, ಬಸ್ಸು, ಹಾಸ್ಯ ಕಾರ್ಯಕ್ರಮ ಎಂದು ಹತ್ತಾರು ಕಸುಬು ಕಂಡು, ಹಾಲಿನ ವ್ಯಾನ್ ಓಡಿಸುತ್ತಿದ್ದಾಗ ಅದೇ ಊರಿನ ವೇವರ್‌ಟ್ರೀಯಲ್ಲಿದ್ದ ಅಂಧ ಮಕ್ಕಳ ಶಾಲೆಯ ಪರಿಚಯವಾಯಿತು. ಹಾಲು ಕೊಡಲು ಹೋದವರು ಮಕ್ಕಳಿಗೆ ಪುಸ್ತಕ ಓದಿ ಹೇಳತೊಡಗಿದರು. ಅಲ್ಲಿದ್ದ ಪುಸ್ತಕಗಳು ಅವರಿಗೆ ಹಿಡಿಸಲಿಲ್ಲ. ನಾನೇ ಒಂದು ಬರೆಯುತ್ತೇನೆ ಎಂದು ಕೂತು ಸುಮಾರು 800 ಪುಟ ಕೈಯಲ್ಲಿ ಬರೆದರು. ಅವರಿಗೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ್ದ ಅಲನ್ ಡರ್ಬಂಡ್ ಹಸ್ತಪ್ರತಿಯನ್ನು ಓದಿ, ಶಿಷ್ಯನಿಗೆ ಹೇಳದೆಯೇ ಪ್ರಕಾಶಕರಿಗೆ ತೋರಿಸಿದರು. 1986ರಲ್ಲಿ ಪುಸ್ತಕ ಬಂತು. ಒಬ್ಬ ಮೇಷ್ಟರ ಬೆತ್ತದಿಂದ ಶುರುವಾದ ಕಥೆಗಾರನ ಬದುಕು ಇನ್ನೊಬ್ಬ ಮೇಷ್ಟರಿಂದ ದಡ ಸೇರಿತು. 2011ರಲ್ಲಿ ಅವರು ತೀರಿಕೊಂಡಾಗ ಸರಣಿಯಲ್ಲಿ 21 ಕಾದಂಬರಿಗಳಿದ್ದವು, 22ನೆಯದು ಅದೇ ವರ್ಷ ಹೊರಬಂತು.

ಕಣ್ಣು ಕಾಣದ ಮಕ್ಕಳಿಗಾಗಿ ಬರೆದದ್ದು ಎಂಬುದನ್ನು ನೆನಪಿಟ್ಟುಕೊಂಡು ಯಾವ ಪುಟ ಬೇಕಾದರೂ ತೆರೆಯಿರಿ. ಗಂಟೆಯ ನಾದ, ಓಡುವ ಗಾಡಿಯ ಗಡಗಡ, ಒದ್ದೆ ಎಲೆಯ ವಾಸನೆ, ಕಲ್ಲುಗೋಡೆಯ ತಂಪು, ಆಗ ತಾನೇ ಒಲೆಯಿಂದ ಇಳಿದ ಕಾಯಿರೊಟ್ಟಿಯ ಘಮ. ಜೇಕ್ಸ್ ಒಂದು ಔತಣ ಬಡಿಸಿದರೆಂದರೆ ಅರ್ಧ ಪುಟ ಬೇಕು. ಅವರ ಬಾಲ್ಯ ಕಳೆದದ್ದು ಯುದ್ಧದ ಕಾಲದ ರೇಷನ್ ಚೀಟಿಯ ದಿನಗಳಲ್ಲಿ. ಬೇರೆಯವರ ಕಥೆಗಳಲ್ಲಿ 'ದೊಡ್ಡ ಔತಣ ನಡೆಯಿತು' ಎಂಬಷ್ಟೇ ವಾಕ್ಯ ಬಂದಾಗ, ಏನು ಬಡಿಸಿದರು, ರುಚಿ ಹೇಗಿತ್ತು ಎಂದು ಹಸಿದ ಹುಡುಗನಿಗೆ ಸಿಟ್ಟು ಬರುತ್ತಿತ್ತಂತೆ. ಆ ಸಾಲವನ್ನು ಬಡ್ಡಿ ಸಮೇತ ತೀರಿಸಿದ್ದಾರೆ. ಸ್ಟ್ರಾಬೆರಿ ಪಾನಕ, ಅಕ್ಟೋಬರ್ ಏಲ್ ಎಂಬ ಬಿಯರಿನಂಥ ಪೇಯ, ನೆಲ ಅಗೆಯುವ ಮೋಲ್‌ಗಳ ಪ್ರೀತಿಯ ಗೆಡ್ಡೆಗೆಣಸಿನ ಕಡುಬು. ಯಾರಿಗೂ ಕೇಡು ಮಾಡದ ಸಾಧುಗಳು ಹಬ್ಬದ ದಿನ ಕೊಳದಿಂದ ದೊಡ್ಡ ಮೀನು ಹಿಡಿದು ಬೇಯಿಸುವುದು ಮಾತ್ರ ತಮಾಷೆ. ಜೇಕ್ಸ್ ಕೂಡ ಮೀನನ್ನು ಜಲಪುಷ್ಪ ಎಂದು ಕರೆದು ಸಸ್ಯಾಹಾರದ ಲೆಕ್ಕಕ್ಕೆ ಹಾಕಿದಂತಿದೆ.

ಆದ್ದರಿಂದ ನಿಮಗೆ ನನ್ನ ಮೊದಲ ಸಲಹೆ, ಕೆಲವು ಅಧ್ಯಾಯಗಳನ್ನಾದರೂ ನೀವು ಜೋರಾಗಿ ಓದಿ. ಅಧ್ಯಾಯಗಳು ಚಿಕ್ಕವು, ಒಂದು ಮಠದೊಳಗೆ ನಡೆದರೆ ಇನ್ನೊಂದು ಕ್ಲೂನಿಯ ಪಾಳೆಯದಲ್ಲಿ, ಮಗು ಮಲಗುವ ಮುನ್ನ ಎರಡು ಸಾಕು. ಇನ್ನೊಂದು ಕಾರಣವೂ ಉಂಟು. ಇಲ್ಲಿ ಒಂದೊಂದು ಪ್ರಾಣಿಗೆ ಒಂದೊಂದು ನುಡಿ. ಬೇಸಿಲ್ ಎಂಬ ಮೊಲ ನಿವೃತ್ತ ಮಿಲಿಟರಿ ಅಧಿಕಾರಿಯ ಠೀವಿಯಲ್ಲಿ ಮಾತಾಡುತ್ತದೆ. ಗುಬ್ಬಿಗಳದು ಮುರುಕು ಇಂಗ್ಲಿಷ್. ಮೋಲ್‌ಗಳದು ಇಂಗ್ಲೆಂಡಿನ ಪಶ್ಚಿಮ ಜಿಲ್ಲೆಗಳ ಹಳ್ಳಿ ಮಾತು. ಶಾಲೆಯ ಇಂಗ್ಲಿಷ್ ಕಲಿತ ಮಗು ಪುಟದ ಮೇಲೆ ಅದನ್ನು ಕಂಡು ಗಕ್ಕನೆ ನಿಲ್ಲುತ್ತದೆ, ಕಿವಿಗೆ ಬಿದ್ದರೆ ನಗುತ್ತದೆ. ಕನ್ನಡಕ್ಕೆ ತರುವುದಾದರೆ ಈ ಮೋಲ್‌ಗಳ ಬಾಯಿಗೆ ಯಾವ ಕನ್ನಡ ಕೊಡಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮಂಡ್ಯದ್ದೋ ಧಾರವಾಡದ್ದೋ ಕೊಡಬಹುದು. ಆದರೆ ನಮ್ಮ ಸಿನಿಮಾ, ಧಾರಾವಾಹಿಗಳಲ್ಲಿ ಹಳ್ಳಿ ಮಾತು ಎಂದರೆ ಮನೆಗೆಲಸದವರಿಗೆ, ಪೆದ್ದರಿಗೆ ಎಂದಾಗಿಬಿಟ್ಟಿದೆ. ಜೇಕ್ಸ್‌ನ ಮೋಲ್‌ಗಳು ಪೆದ್ದರಲ್ಲ. ಶತ್ರು ಸುರಂಗ ತೋಡುತ್ತಿರುವುದನ್ನು ನೆಲದ ಮಿಡಿತದಲ್ಲೇ ಹಿಡಿಯುವ ಎಂಜಿನಿಯರುಗಳು.

ಇನ್ನು ನಿಮ್ಮ ಆತಂಕಕ್ಕೆ ಬರೋಣ. ಹೌದು, ಇಲ್ಲಿ ಸಾವು ಇದೆ. ಮಠದ ಚರಿತ್ರೆ ಬರೆಯುವ ವೃದ್ಧ ಮೆಥೂಸಲಾ ಸಾಯುತ್ತಾನೆ. ಕೊನೆಗೆ ಗುರುಗಳೂ ಕ್ಲೂನಿಯ ಬಾಲದ ವಿಷದಿಂದ ತೀರಿಕೊಳ್ಳುತ್ತಾರೆ. ಖಡ್ಗ ಇರುವುದು ಕಲ್ಲುಕ್ವಾರಿಯ ವಿಷದ ಹಾವಿನ ಗುಹೆಯಲ್ಲಿ, ಆ ಭಾಗ ಓದುವಾಗ ನನಗೂ ಮೈ ಜುಮ್ಮೆನ್ನುತ್ತದೆ. ಆದರೆ ನಮ್ಮ ಮಕ್ಕಳು ಒಂದನೇ ತರಗತಿಗೂ ಮುಂಚೆ ಕೇಳುವ ಪುಣ್ಯಕೋಟಿಯ ಹಾಡನ್ನೇ ನೆನಪಿಸಿಕೊಳ್ಳಿ. ತಾಯಿ ತನ್ನ ಕರುವನ್ನು ಅಕ್ಕತಂಗಿಯರಿಗೆ ಒಪ್ಪಿಸಿ ಸಾಯಲು ಹೊರಡುತ್ತಾಳೆ, ಕೊನೆಯಲ್ಲಿ ಹುಲಿ ಪ್ರಾಣ ಬಿಡುತ್ತದೆ. ಮೂರು ವರ್ಷದ ಮಗುವಿನ ಕಣ್ಣು ತುಂಬುತ್ತದೆ, ಇನ್ನೊಂದು ಸಲ ಹಾಡು ಎನ್ನುತ್ತದೆ. ಅದನ್ನು ಯಾರೂ ಮಕ್ಕಳಿಗೆ ತಕ್ಕದ್ದಲ್ಲ ಎಂದಿಲ್ಲ. 'ರೆಡ್‌ವಾಲ್'ನಲ್ಲಿ ಸತ್ತವರಿಗಾಗಿ ಮಠ ನಿಲ್ಲುತ್ತದೆ, ಹೂಳುತ್ತದೆ, ಅಳುತ್ತದೆ. ಗುಂಡಿ ಒತ್ತಿದರೆ ಉರುಳಿ ಮಾಯವಾಗುವ ಮೊಬೈಲ್ ಆಟದ ಸಾವಿಗಿಂತ ಇದು ಎಷ್ಟೋ ವಾಸಿ. ಒಂಬತ್ತು ಹತ್ತರ ವಯಸ್ಸಿಗೆ ತೊಂದರೆಯಿಲ್ಲ. ಕತ್ತಲೆಗೆ, ಹಾವಿಗೆ ತೀರಾ ಹೆದರುವ ಮಗುವಾದರೆ ಕ್ವಾರಿಯ ಅಧ್ಯಾಯವನ್ನು ಹಗಲಲ್ಲಿ ಓದಿಸಿ.

ಅಳುವುದು ಯಾರಿಗಾಗಿ ಎಂದು ಗಮನಿಸಿದರೆ ಮಾತ್ರ ಕಥೆ ಬೇರೆ ಕಾಣುತ್ತದೆ. ಮಠದ ಗೋಡೆಯೊಳಗೆ ಸುರಂಗ ಕೊರೆದು ಬಂದ ಶತ್ರುಗಳ ಮೇಲೆ ಕಾಯಿಸಿದ ನೀರು ಸುರಿಯುತ್ತಾರೆ. ಲೇಖಕರು ಆ ವಾಕ್ಯ ಬರೆದು ಮುಂದೆ ಹೋಗುತ್ತಾರೆ. ಬೆಂದವರು ಹೆಗ್ಗಣಗಳ ಕಡೆಯವರಲ್ಲವೇ?

ನಿಮ್ಮ ಮಗಳ ಪ್ರಶ್ನೆ ಇಲ್ಲಿಂದಲೇ ಹುಟ್ಟಿದ್ದು. ಈ ಲೋಕದಲ್ಲಿ ಇಲಿ, ಅಳಿಲು, ನೀರುನಾಯಿ, ಮುಳ್ಳುಹಂದಿಯಂಥ ಹೆಜ್‌ಹಾಗ್, ಮೋಲ್, ಬಿಲ ತೋಡುವ ಬ್ಯಾಡ್ಜರ್, ಮೊಲ ಒಳ್ಳೆಯವು. ಹೆಗ್ಗಣ, ನರಿ, ನೋಡಲು ಮುಂಗುಸಿಯಂತಿರುವ ವೀಸಲ್, ಸ್ಟೋಟ್, ಫೆರೆಟ್ ಕೆಟ್ಟವು. ಯಾರು ಏನು ಮಾಡಿದರು ಎಂದು ಕಾಯಬೇಕಿಲ್ಲ, ಮೂತಿ ನೋಡಿದರೆ ಸಾಕು.

ಲೇಖಕರಿಗೆ ಬೇರೆ ದಾರಿ ತಿಳಿದಿರಲಿಲ್ಲವೇ ಎಂದರೆ, ಚೆನ್ನಾಗಿಯೇ ತಿಳಿದಿತ್ತು. ಇಲಿಗಳ ಕಥೆಯಲ್ಲಿ ಖಳ ಯಾರಿರಬೇಕು? ಬೆಕ್ಕು. ಈ ಕಾದಂಬರಿಯ ಬೆಕ್ಕು ಹಳೆಯ ಕೊಟ್ಟಿಗೆಯೊಂದರಲ್ಲಿ ಒಂಟಿಯಾಗಿರುವ, ಮಾಂಸ ಬಿಟ್ಟ, ಬಲು ನಯವಂತ ಸದ್ಗೃಹಸ್ಥ. ಮಥಾಯಸ್‌ಗೆ ನೆರವಾಗುತ್ತಾನೆ. ಇಲಿ ತಿನ್ನುವ ಗೂಬೆಯೊಂದಿದೆ. ನೀನು ಹಾವನ್ನು ಗೆದ್ದು ಬಂದರೆ ಇನ್ನು ಇಲಿ ಮುಟ್ಟುವುದಿಲ್ಲ ಎಂದು ಪಂಥ ಕಟ್ಟುತ್ತದೆ. ಗುಬ್ಬಿಗಳ ಪ್ರಸಂಗವಂತೂ ಇಡೀ ಪುಸ್ತಕದಲ್ಲಿ ನನಗೆ ಅಚ್ಚುಮೆಚ್ಚು. ಮಥಾಯಸ್ ಮೊದಲು ವಾರ್‌ಬೀಕ್ ಎಂಬ ಗುಬ್ಬಿಯನ್ನು ಸೆರೆಹಿಡಿದು ಕೊರಳಿಗೆ ಪಟ್ಟಿ ಕಟ್ಟುತ್ತಾನೆ. ಆಮೇಲೆ ಚಾವಣಿಯ ಮೇಲಿನ ಗುಬ್ಬಿ ರಾಜನ ಕೈಗೆ ತಾನೇ ಸಿಕ್ಕಿ, ಅದೇ ಪಟ್ಟಿ ಅವನ ಕೊರಳಿಗೆ ಬೀಳುತ್ತದೆ. ಹೀಗೆ ಒಬ್ಬರ ಪಟ್ಟಿಯಲ್ಲಿ ಇನ್ನೊಬ್ಬರು ಕುತ್ತಿಗೆ ಇಟ್ಟ ಮೇಲೆಯೇ ಅವರಿಬ್ಬರ ಗೆಳೆತನ ಗಟ್ಟಿಯಾಗುವುದು. ಬೆಕ್ಕಿಗೆ, ಗೂಬೆಗೆ, ಗುಬ್ಬಿಗೆ ಬದಲಾಗುವ ಅವಕಾಶ ಉಂಟು. ಹೆಗ್ಗಣಕ್ಕೆ ಇಲ್ಲ.

ಮತ್ತೂ ಒಂದು ಹೋಲಿಕೆ ನೋಡಿ. ಕೊನೆಗೆ ಮಠದ ಬಾಗಿಲನ್ನು ಒಳಗಿನಿಂದ ತೆರೆದುಕೊಡುವುದು ಪ್ಲಂಪೆನ್ ಎಂಬ ಬಡಪಾಯಿ ಡಾರ್‌ಮೌಸ್, ನೋಡಲು ಇಲಿಯಂಥದೇ ಪ್ರಾಣಿ. ಕ್ಲೂನಿ ಅವನ ಕುಟುಂಬವನ್ನು ಒತ್ತೆಯಿಟ್ಟುಕೊಂಡು ಬೆದರಿಸಿದ್ದ, ಪಾಪ ಏನು ಮಾಡಿಯಾನು ಎಂದು ನಾವು ಮರುಗುವಂತೆ ಜೇಕ್ಸ್ ಬರೆಯುತ್ತಾರೆ. ಸರಿ. ಆದರೆ ಅದೇ ಕ್ಲೂನಿ ಆ ಕಾಡಿನ ಹೆಗ್ಗಣ, ವೀಸಲ್, ಫೆರೆಟ್‌ಗಳನ್ನೂ ಸೇರುತ್ತೀಯೋ ಸಾಯುತ್ತೀಯೋ ಎಂದು ಹೆದರಿಸಿಯೇ ದಂಡಿಗೆ ಎಳೆದುಕೊಂಡದ್ದು. ಅವರಿಗಾಗಿ ಅರ್ಧ ಸಾಲಿನ ಮರುಕವೂ ಇಲ್ಲ. ಡಾರ್‌ಮೌಸ್ ತಪ್ಪು ಮಾಡಿದರೆ ಕಾರಣ ಬೇಕು, ಹೆಗ್ಗಣ ತಪ್ಪು ಮಾಡಿದರೆ ಅದು ಹೆಗ್ಗಣವಾಗಿರುವುದೇ ಕಾರಣ.

ನಮ್ಮಲ್ಲಿ ಗಾದೆಯೇ ಇದೆ, ಹೆತ್ತವರಿಗೆ ಹೆಗ್ಗಣ ಮುದ್ದು. ಮಠದೊಳಗೆ ತೊಟ್ಟಿಲ ಕೂಸುಗಳಿಂದ ಹಿಡಿದು ಅಜ್ಜಂದಿರವರೆಗೆ ಎಲ್ಲರೂ ಇದ್ದಾರೆ. ಕ್ಲೂನಿಯ ಪಾಳೆಯದಲ್ಲಿ ಒಂದು ಮರಿ ಹೆಗ್ಗಣ ಇಲ್ಲ, ಮರಿಗೆ ಹಾಲೂಡುವ ತಾಯಿ ಇಲ್ಲ. ಇದ್ದಿದ್ದರೆ ಕಾದ ನೀರು ಸುರಿಯುವಾಗ ಲೇಖಕರ ಕೈ ಅಷ್ಟು ಸಲೀಸಾಗಿ ಓಡುತ್ತಿರಲಿಲ್ಲ. ತಾಯಿ ಮಗ ಎಂದು ಆ ಕಡೆ ಇರುವುದು ಒಂದೇ ಜೋಡಿ, ಎರಡೂ ಕಡೆ ಗುಟ್ಟು ಮಾರುವ ನರಿ ಸೇಲಾ ಮತ್ತು ಅವಳ ಮಗ. ತಾಯಿಯನ್ನು ಕ್ಲೂನಿಯವರು ಕೊಂದು ಹಳ್ಳಕ್ಕೆಸೆದ ಮೇಲೆ ಗಾಯಗೊಂಡ ಮರಿನರಿ ತೆವಳಿಕೊಂಡು ಮಠಕ್ಕೆ ಬರುತ್ತದೆ, ಸಾಧುಗಳು ಆರೈಕೆ ಮಾಡುತ್ತಾರೆ. ಅದು ಗುಣವಾಗುತ್ತಲೇ ಕದ್ದು, ಮೆಥೂಸಲಾನನ್ನು ಕೊಂದು ಓಡುತ್ತದೆ. ನಾಯಿ ಬಾಲ ಡೊಂಕು ಎಂದು ಸಾಧಿಸಿದಂತಾಯಿತು.

ಮುಂದಿನ ಪುಸ್ತಕಗಳಲ್ಲಿ ಇದು ಇನ್ನೂ ಢಾಳಾಗಿದೆ. 1995ರ 'ಔಟ್‌ಕಾಸ್ಟ್ ಆಫ್ ರೆಡ್‌ವಾಲ್'ನಲ್ಲಿ ವೇಲ್ ಎಂಬ ಅನಾಥ ಫೆರೆಟ್ ಕೂಸನ್ನು ಬ್ರಯೋನಿ ಎಂಬ ಇಲಿ ಮಠದಲ್ಲಿ ಸ್ವಂತ ಮಗುವಿನಂತೆ ಸಾಕುತ್ತಾಳೆ. ಅವನು ಕಳ್ಳನಾಗುತ್ತಾನೆ, ವಿಷ ಹಾಕುತ್ತಾನೆ, ಮಠದಿಂದ ಹೊರದೂಡಲ್ಪಡುತ್ತಾನೆ. ಕೊನೆಗೆ ಅವಳತ್ತ ಬಂದ ಈಟಿಗೆ ತಾನು ಎದೆಯೊಡ್ಡಿ ಸಾಯುತ್ತಾನೆ. ಅಷ್ಟಾದ ಮೇಲೂ ಕಾದಂಬರಿ ಅವನು ಕೆಟ್ಟವನೇ ಆಗಿದ್ದ ಎಂಬ ತೀರ್ಪಿನತ್ತಲೇ ವಾಲುತ್ತದೆ. ಅದಕ್ಕೆ ಕನ್ನಡಿ ಹಿಡಿದಂತೆ 2001ರ 'ಟ್ಯಾಗರಂಗ್'. ಅಲ್ಲಿ ನೀರುನಾಯಿಯ ಕೂಸೊಂದನ್ನು ಡಕಾಯಿತರು ಕದ್ದೊಯ್ದು ಕೊಲೆಗಾರನಾಗಲೆಂದೇ ಬೆಳೆಸುತ್ತಾರೆ. ಆದರೂ ಅವನು ಒಳ್ಳೆಯವನಾಗಿಯೇ ಉಳಿಯುತ್ತಾನೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಗೆ ಇಂಗ್ಲಿಷಿನಲ್ಲಿ ಬರೆದ ಎರಡು ಸಂಪುಟಗಳ ವ್ಯಾಖ್ಯಾನದಂತಿದೆ. ಅಪವಾದಗಳು ಇಲ್ಲವೆಂದಲ್ಲ. 'ದಿ ಬೆಲ್‌ಮೇಕರ್'ನಲ್ಲಿ ಬ್ಲ್ಯಾಗಟ್ ಎಂಬ ಕಡಲ ಹೆಗ್ಗಣ ಮನಸ್ಸು ಬದಲಿಸುತ್ತದೆ, 'ಪರ್ಲ್ಸ್ ಆಫ್ ಲುಟ್ರಾ'ದಲ್ಲಿ ರೋಮ್ಸ್ಕಾ ಎಂಬ ಫೆರೆಟ್ ವೃದ್ಧ ಗುರುವನ್ನು ಕಾಪಾಡುತ್ತಾಳೆ. ಬೆರಳೆಣಿಕೆ ಅಷ್ಟೇ.

ಪ್ರಾಣಿಶಾಸ್ತ್ರದ ಕಡೆಯಿಂದ ನೋಡಿದರೆ ಇನ್ನೂ ಸೋಜಿಗ. ಜೇಕ್ಸ್‌ನ ಮಹಾಮಾತೆ ಬ್ಯಾಡ್ಜರ್ ಮತ್ತು ವೀರ ನೀರುನಾಯಿ, ಅವರ ಪರಮ ಖಳರಾದ ವೀಸಲ್, ಸ್ಟೋಟ್, ಫೆರೆಟ್ ಎಲ್ಲವೂ ಮಸ್ಟೆಲಿಡೆ ಎಂಬ ಒಂದೇ ಕುಟುಂಬದವು. ನಮ್ಮ ತುಂಗಭದ್ರೆಯ ನೀರುನಾಯಿ, ನಮ್ಮ ಕಾಡಿನ ತರಕರಡಿ ಕೂಡ ಅದೇ ಕುಟುಂಬದ ನೆಂಟರು. ಇಲಿ ಹೆಗ್ಗಣಗಳೂ ಹಾಗೆಯೇ ಒಂದೇ ಮನೆಯವು. ಅಂದರೆ ಈ ಗೆರೆ ಎಳೆದದ್ದು ಪ್ರಕೃತಿಯಲ್ಲ, ಇಂಗ್ಲೆಂಡಿನ ಜಮೀನು. ಕೋಳಿ, ಫೆಸೆಂಟ್ ಹಕ್ಕಿಗಳ ಮೊಟ್ಟೆ ಮರಿ ಕದಿಯುವ ಪ್ರಾಣಿಗಳನ್ನು ಅಲ್ಲಿನ ಬೇಟೆತೋಪಿನ ಕಾವಲುಗಾರರು ಪೀಡೆ ಎಂದು ಕರೆದು ಕೊಲ್ಲುತ್ತಿದ್ದರು. ಆ ಪೀಡೆಗಳ ಪಟ್ಟಿಯೇ ಮಕ್ಕಳ ಕಥೆಯ ಖಳರ ಪಟ್ಟಿಯಾಯಿತು. ನಾವೇನೂ ಕಡಿಮೆಯಿಲ್ಲ. ಗಣಪನ ಕಾಲ ಬಳಿಯ ಇಲಿಗೆ ಕೈ ಮುಗಿಯುತ್ತೇವೆ, ಲಂಚ ತಿಂದವನನ್ನು ಹೆಗ್ಗಣ ಎಂದು ಬೈಯುತ್ತೇವೆ.

ಇಷ್ಟೆಲ್ಲ ಯಾಕೆ ಕೆದಕುತ್ತೀರಿ, ಮಕ್ಕಳ ಕಥೆ ತಾನೇ ಎನ್ನಬಹುದು. ಲಿವರ್‌ಪೂಲ್‌ನ ಮಗುವಿಗೆ ಇದು ಬರೀ ಕಥೆಯಾಗಿದ್ದೀತು. ನಾವಿರುವುದು ಹೆಸರು ಕೇಳಿ, ಊರು ಕೇಳಿ, ಕೊನೆಗೆ 'ನೀವು ಯಾವ ಪೈಕಿ' ಎಂದು ಕೇಳುವ ಸಮಾಜದಲ್ಲಿ. 1871ರಲ್ಲಿ ಬ್ರಿಟಿಷರು ಕಾಯಿದೆ ಮಾಡಿ ಇಡೀ ಇಡೀ ಸಮುದಾಯಗಳನ್ನು ಹುಟ್ಟಾ ಅಪರಾಧಿಗಳೆಂದು ದಾಖಲೆಗೆ ಸೇರಿಸಿದರು. ಅದು ರದ್ದಾಗಲು 1952 ಬರಬೇಕಾಯಿತು. ಅಂಥವರನ್ನು ಹುಬ್ಬಳ್ಳಿಯಲ್ಲಿ ಇರಿಸಿದ್ದ ಜಾಗಕ್ಕೆ ಇವತ್ತಿಗೂ ಸೆಟ್ಲಮೆಂಟ್ ಎಂದೇ ಹೆಸರು. ಮೂತಿ ನೋಡಿ ಗುಣ ಹೇಳುವ ಕಥೆ ನಮ್ಮ ಮಕ್ಕಳ ಕಿವಿಗೆ ಬಿದ್ದಾಗ ನಾನು ಒಂದಿಷ್ಟು ಎಚ್ಚರವಾಗುವುದು ಇದಕ್ಕೇ.

ಜೇಕ್ಸ್ ಪರವಾಗಿಯೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಅವರ ಮೊದಲ ಶ್ರೋತೃಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಐವತ್ತು ಪಾತ್ರಗಳ ಕಥೆಯನ್ನು ಕಿವಿಯಲ್ಲೇ ಹಿಡಿಯಬೇಕಾದ ಮಗುವಿಗೆ ಯಾರು ಯಾವ ಕಡೆ ಎಂಬುದು ಹೆಸರಿನೊಡನೆಯೇ ತಿಳಿಯಬೇಕು. ಯಕ್ಷಗಾನದಲ್ಲಿ ಬಣ್ಣದ ವೇಷ ಅಬ್ಬರಿಸಿಕೊಂಡು ರಂಗಕ್ಕೆ ಬಂದರೆ ರಾಕ್ಷಸ ಬಂದ ಎಂದು ಹಿಂದಿನ ಸಾಲಿನ ಕೂಸಿಗೂ ಗೊತ್ತಾಗುತ್ತದೆ. ಜೇಕ್ಸ್‌ಗೆ ಪ್ರಾಣಿಯ ಜಾತಿಯೆಂದರೆ ಆ ಬಣ್ಣ. ಒಳ್ಳೆಯವರು ಒಳ್ಳೆಯವರಾಗಿ, ಕೆಟ್ಟವರು ಕೆಟ್ಟವರಾಗಿ ಇರಬೇಕೆಂಬುದು ಅವರ ಬಹಿರಂಗ ನಿಲುವೂ ಆಗಿತ್ತು. ಆದರೆ ಯಕ್ಷಗಾನದ ಬಣ್ಣದ ವೇಷಕ್ಕೆ ಮಾತಿದೆ. ತಾಳಮದ್ದಳೆಯಲ್ಲಂತೂ ಬಣ್ಣವನ್ನೂ ಒರೆಸಿ, ಪಂಚೆ ಶಾಲಿನಲ್ಲಿ ಕೂತ ಅರ್ಥಧಾರಿ ರಾವಣನ ಪರ ವಾದ ಹೂಡಿ, ಎದುರು ಕೂತ ರಾಮನಿಗೆ ಬೆವರಿಳಿಸುತ್ತಾನೆ. ಕ್ಲೂನಿಗೆ ಆ ಭಾಗ್ಯವಿಲ್ಲ. ಅವನಿಗೆ ಕೊಟ್ಟಿರುವುದು ಕೆಟ್ಟ ಕನಸುಗಳನ್ನು ಮಾತ್ರ. ಖಡ್ಗ ಹಿಡಿದ ಒಂದು ಇಲಿ ನಿದ್ದೆಯಲ್ಲಿ ಬೆನ್ನಟ್ಟುತ್ತದೆ, ಅವನು ಬೆವೆತು ಏಳುತ್ತಾನೆ. ಅಂಥ ಕನಸು ಬೀಳುವವನು ಬರೀ ರಾಕ್ಷಸನಾಗಿರಲಾರ ಎಂದು ನನಗೆ ಪ್ರತಿ ಓದಿನಲ್ಲೂ ಅನಿಸಿದೆ. ನಿಮ್ಮ ಮಗಳಿಗೂ ಅನಿಸಿರಬೇಕು, ಇಲ್ಲದಿದ್ದರೆ ಆ ಪ್ರಶ್ನೆ ಬರುತ್ತಿರಲಿಲ್ಲ.

ಹಾಗಾದರೆ ಅವಳಿಗೆ ಏನು ಹೇಳುವುದು? 'ಇಲ್ಲ ಪುಟ್ಟಾ, ಎಲ್ಲ ಹೆಗ್ಗಣವೂ ಕೆಟ್ಟದ್ದಲ್ಲ' ಎಂದು ಹೇಳಿ ಮುಗಿಸಬೇಡಿ, ಅದು ಅವಳಿಗೂ ಗೊತ್ತು. ಬದಲಿಗೆ ಮುಂಗುಸಿಯ ಕಥೆ ಹೇಳಿ. ತೊಟ್ಟಿಲ ಬಳಿ ಬಂದ ಹಾವನ್ನು ಕೊಂದ ಮುಂಗುಸಿ, ನೀರು ಹೊತ್ತು ಬಂದ ತಾಯಿಯ ಎದುರು ಓಡುತ್ತದೆ. ಬಾಯಿಯ ರಕ್ತ ಕಂಡು ಮಗುವನ್ನೇ ತಿಂದಿದೆ ಎಂದುಕೊಂಡ ಅವಳು ಕೊಡ ಎತ್ತಿ ಹಾಕುತ್ತಾಳೆ. ಪುಣ್ಯಕೋಟಿಯನ್ನೂ ಇನ್ನೊಮ್ಮೆ ಹಾಡಿಸಿ, ಈ ಸಲ ಹಸುವನ್ನು ಬಿಟ್ಟು ಹುಲಿಯ ಮೇಲೆ ಕಣ್ಣಿಟ್ಟು. ಹಸಿದ ಹುಲಿಗೆ ನಾಚಿಕೆಯಾಗಬಹುದಾದರೆ ಕ್ಲೂನಿಗೆ ಏಕಾಗಲಿಲ್ಲ? ಅವಳು ಏನೆನ್ನುತ್ತಾಳೋ ಕೇಳಿ, ನಡುವೆ ತಿದ್ದಲು ಹೋಗಬೇಡಿ.

ಆಮೇಲೆ ಅವಳಿಂದ ಒಂದು ತಾಳಮದ್ದಳೆ ಮಾಡಿಸಿ. ನಾನು ನಡೆಸುವ ಮಕ್ಕಳ ಓದಿನ ಗುಂಪಿನಲ್ಲಿ ಹೀಗೆ ಮಾಡಿದ್ದುಂಟು. ಕ್ಲೂನಿಯ ದಂಡಿನ ಯಾವುದಾದರೂ ಹೆಸರಿಲ್ಲದ ಸಿಪಾಯಿ ನೀನು, ಗುರುಗಳ ಎದುರು ನಿಂತಿದ್ದೀಯ, ಮಾತಾಡು. ಒಬ್ಬ ಹುಡುಗ ಎದ್ದು ನಿಂತು ಬಹಳ ಹೊತ್ತು ಸುಮ್ಮನಿದ್ದು, "ನಿಮ್ಮ ಔತಣದ ವಾಸನೆ ರಸ್ತೇವರೆಗೂ ಬರ್ತಿತ್ತು, ನಮ್ಮನ್ನ ಯಾರೂ ಕರೀಲಿಲ್ಲ" ಎಂದ. ಗುರುಗಳ ಪಾತ್ರ ವಹಿಸಿದ್ದ ನನಗೆ ತಿರುಗಿ ಹೇಳಲು ಏನೂ ತೋಚಲಿಲ್ಲ.

ಕೊಳ್ಳುವ ವಿಚಾರ. 22ನ್ನೂ ಕೊಡಿಸಬೇಡಿ. ಮುತ್ತಿಗೆ, ಒಗಟು, ಔತಣ, ಹಳೆಯ ಖಡ್ಗ, ಒಂದೇ ಅಚ್ಚಿನ ಬೆಲ್ಲ. ಐದಾರು ಓದುವಷ್ಟರಲ್ಲಿ ಮುಂದೇನಾಗುತ್ತದೆ ಎಂದು ಮಗುವೇ ಹೇಳತೊಡಗುತ್ತದೆ. ಮೊದಲನೆಯದು ಮುಗಿದ ಮೇಲೆ 1988ರ 'ಮಾಸ್‌ಫ್ಲವರ್' ಕೊಡಿ. ಅದು ಮಾರ್ಟಿನ್‌ನ ಹಿಂದಿನ ಕಥೆ, ಮತ್ತು ಅಲ್ಲಿ ಕಾಡುಬೆಕ್ಕಿನ ಮನೆಯಲ್ಲಿ ಅಕ್ಕ ಕ್ರೂರಿ, ತಮ್ಮ ಸಾತ್ವಿಕ. ಒಂದೇ ಹೊಟ್ಟೆಯಲ್ಲಿ ಎರಡು ಗುಣ ಹುಟ್ಟಿದ್ದನ್ನು ನಿಮ್ಮ ಮಗಳು ಗಮನಿಸದೆ ಇರಲಾರಳು. ಹನ್ನೆರಡು ದಾಟಿದ ಮೇಲೆ, ಜಗಳ ಆಡುವಷ್ಟು ಬೆಳೆದಾಗ, 'ಔಟ್‌ಕಾಸ್ಟ್' ಮತ್ತು 'ಟ್ಯಾಗರಂಗ್' ಎರಡನ್ನೂ ಒಟ್ಟಿಗೆ ಕೊಡಿ. ಒಂದನ್ನೇ ಕೊಡಬೇಡಿ. ಮೊದಲ ಪುಸ್ತಕದಲ್ಲಿರುವ ಕುದುರೆ ಗಾಡಿ ಮುಂದಿನವುಗಳಲ್ಲಿ ಎಲ್ಲಿ ಹೋಯಿತು, ಕುದುರೆಯ ಪಕ್ಕ ಇಲಿ ಎಷ್ಟು ದೊಡ್ಡದು ಎಂದೆಲ್ಲ ಅವಳು ಕೇಳಿಯಾಳು. ಜೇಕ್ಸ್ ತಮ್ಮ ಲೋಕವನ್ನು ಬರೆಯುತ್ತ ಬರೆಯುತ್ತ ಕಟ್ಟಿಕೊಂಡವರು, ಅಳತೆಪಟ್ಟಿ ಹಿಡಿದವರಲ್ಲ. 1999ರಿಂದ ಬಂದ ಕಾರ್ಟೂನ್ ಧಾರಾವಾಹಿಯೂ ಇದೆ, 39 ಕಂತು. ಪುಸ್ತಕ ಮುಗಿಯುವವರೆಗೆ ಅದು ಬೇಡ.

2005ರಲ್ಲಿ ಜೇಕ್ಸ್ ಈ ಕಾದಂಬರಿಗಳ ತಿನಿಸುಗಳದೇ ಒಂದು ಅಡುಗೆ ಪುಸ್ತಕ ತಂದರು. ಅದನ್ನು ಹುಡುಕುವ ಗೋಜೂ ಬೇಡ. ಮೋಲ್‌ಗಳ ಕಡುಬಿಗೆ ಬೇಕಾಗಿರುವುದು ಟರ್ನಿಪ್, ಆಲೂಗಡ್ಡೆ, ಬೀಟ್‌ರೂಟ್. ಟರ್ನಿಪ್ ಸಿಗದಿದ್ದರೆ ಮೂಲಂಗಿ ಹಾಕಿ, ಮೋಲ್‌ಗಳು ಬೇಸರಪಡುವುದಿಲ್ಲ. ಶನಿವಾರ ಅವಳೇ ಹೆಚ್ಚಲಿ, ಒಲೆಯ ಹತ್ತಿರ ನೀವಿರಿ, ಗುಬ್ಬಿಗಳ ಅಧ್ಯಾಯವನ್ನು ಅಲ್ಲೇ ನಿಂತು ಜೋರಾಗಿ ಓದಿ.